ಅಪ್ಪನ ಕಾರಿಗೆ ಕರೆಂಟು ಹಾಕಿಸಲೇ?

ನಿಮ್ಮ ಮನೆಯಲ್ಲೂ ಇಂಥದ್ದೊಂದು ಕಾರು ಇರಬಹುದು. ಬಣ್ಣ ಮಾಸಿದೆ, ಬಾಗಿಲ ಕೆಳಗಡೆ ತುಕ್ಕಿನ ಚುಕ್ಕೆಗಳು ಕಾಣಿಸ್ತಿವೆ. ಆದರೂ ಕೀ ತಿರುಗಿಸಿದ ಕೂಡಲೇ ಸ್ಟಾರ್ಟ್ ಆಗುತ್ತೆ. ಮನೆಯವರೆಲ್ಲ 'ಇನ್ನು ಮಾರಿಬಿಡೋಣ' ಅಂತಿದ್ದಾರೆ. ಮನಸ್ಸಿಲ್ಲದೆ ಇರೋದು ನಿಮಗೊಬ್ಬರಿಗೇ!

ನಮ್ಮ ಮನೆಯಲ್ಲಿರೋದು 2010ರ ಹ್ಯುಂಡೈ ಐ10 ಆಟೋಮ್ಯಾಟಿಕ್. ನನ್ನ ಅಪ್ಪ ಭದ್ರಾವತಿಯ ವಿಐಎಸ್‌ಎಲ್ ಕಾರ್ಖಾನೆಯಿಂದ ನಿವೃತ್ತರಾದಾಗ ಬಂದ ದುಡ್ಡಿನಲ್ಲಿ ಕೊಂಡಿದ್ದು. ಅವರಿಗೆ ಎಡಗಾಲಿನ ಮಂಡಿನೋವು. ಕ್ಲಚ್ ಒತ್ತೋಕೆ ಆಗ್ತಿರಲಿಲ್ಲ ಅಂತ ಆಟೋಮ್ಯಾಟಿಕ್ ಹುಡುಕಿ ತಂದರು. 2017ರಲ್ಲಿ ಅಪ್ಪ ಹೋದರು, ಕಾರು ನನ್ನ ಪಾಲಿಗೆ ಬಂತು. ನಾನು ಡ್ರೈವಿಂಗ್ ಕಲಿತದ್ದೇ ಅದರಲ್ಲಿ. ಹಾಗಾಗಿ ಕ್ಲಚ್ಚು, ಗೇರು ಅಂದ್ರೆ ನನಗೆ ಇವತ್ತಿಗೂ ಎದೆ ಢವಢವ. ಯಜಮಾನರ ಕಾರು ಗೇರಿನದು. ಅದರ ಸ್ಟಿಯರಿಂಗ್ ಮುಂದೆ ಕೂತರೆ ನಾನು ಮತ್ತೆ ಕಲಿಯೋ ಹುಡುಗಿ.

ಅಮ್ಮ ಇರೋದು ಭದ್ರಾವತಿಯ ಜನ್ನಾಪುರದಲ್ಲಿ, ನಾವಿರೋದು ಶಿವಮೊಗ್ಗದ ವಿನೋಬನಗರದಲ್ಲಿ. ಹೋಗಿ ಬರೋಕೆ ಹತ್ತಿರ ಹತ್ತಿರ 40 ಕಿಲೋಮೀಟರ್. ಎರಡು ವರ್ಷದ ಹಿಂದೆ ಅಮ್ಮನಿಗೆ ಸ್ಟ್ರೋಕ್ ಆಗಿ ಬಲಗೈ ಸೋತಿದೆ. ವಾರಕ್ಕೆ ಮೂರು ದಿನ ಫಿಸಿಯೋಥೆರಪಿಗೆ ಕರ್ಕೊಂಡು ಹೋಗೋಳು ನಾನೇ. 'ಶಿವಮೊಗ್ಗಕ್ಕೇ ಕರ್ಕೊಂಡು ಬಂದುಬಿಡಬಾರದಾ?' ಅಂತ ಕೇಳ್ತೀರಿ, ಗೊತ್ತು. ಅಮ್ಮ ತನ್ನ ದಾಸವಾಳದ ಗಿಡ, ಪಕ್ಕದ ಮನೆಯವರು, ಇವನ್ನೆಲ್ಲ ಬಿಟ್ಟು ಬರೋ ಪೈಕಿ ಅಲ್ಲ. ಆ ಮಾತು ಬಿಡಿ.

ಖಾಸಗಿ ಕಾರಿನ ಆರ್‌ಸಿಗೆ 15 ವರ್ಷ ಆಯಸ್ಸು. ನಮ್ಮದು 2025ರ ನವೆಂಬರಿಗೆ ಮುಗಿಯೋದಿತ್ತು. 'ಮಾರಿಬಿಡೇ, ಬೇಕಾದಾಗ ನಾನೇ ಕರ್ಕೊಂಡು ಹೋಗ್ತೀನಿ' ಅಂದರು ಯಜಮಾನರು. ಪ್ರೀತಿಯಿಂದಲೇ ಅಂದದ್ದು. ಆದರೆ ಆ 'ಬೇಕಾದಾಗ' ಅನ್ನೋದು ಯಾರಿಗೆ ಬೇಕಾದಾಗ? ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಅವರ ಆಫೀಸ್ ಬಿಟ್ಟು ಬರೋಕಾಗುತ್ತಾ? ಬಸ್ಸಿಗೇನೂ ಬರವಿಲ್ಲ, ರೈಲೂ ಇದೆ. ನಾನೊಬ್ಬಳೇ ಆದರೆ ಹೋಗಬಹುದು. ಕೈ ಸೋತ ಅಮ್ಮನನ್ನು ಬಸ್ ಹತ್ತಿಸಿ ಇಳಿಸೋದು ಹೇಗೆ?

ಆಗ ಒಬ್ಬ ಗ್ಯಾರೇಜಿನ ಹುಡುಗ ಆಸೆ ಹುಟ್ಟಿಸಿದ. 'ಅಕ್ಕಾ, ಬಾಡಿ ಚೆನ್ನಾಗಿದೆ. ಎಂಜಿನ್ ತೆಗೆದು ಮೋಟಾರು, ಬ್ಯಾಟರಿ ಕೂರಿಸಿಬಿಡೋಣ. ಪೆಟ್ರೋಲ್ ಖರ್ಚೇ ಇಲ್ಲ. ಐದೂವರೆ ಲಕ್ಷ ಆಗುತ್ತೆ ಅಷ್ಟೇ.' ಆ 'ಅಷ್ಟೇ' ಕೇಳಿ ನಕ್ಕೆ. ಆದರೆ ರಾತ್ರಿ ನಿದ್ದೆ ಬರಲಿಲ್ಲ. ಅಪ್ಪನ ಕಾರು ಉಳಿಯುತ್ತೆ, ಸೀಟು ಅದೇ, ಡ್ಯಾಶ್‌ಬೋರ್ಡಿನ ಮೇಲಿನ ಪುಟ್ಟ ಗಣಪತಿಯೂ ಅಲ್ಲೇ. ಹೊಟ್ಟೆ ಮಾತ್ರ ಹೊಸದು! ಮೂರು ತಿಂಗಳು ಇದರ ಹಿಂದೆ ಬಿದ್ದು ವಿಚಾರಿಸಿದೆ. ನಿಮಗೂ ಯಾರಾದರೂ ಇಂಥ ಆಸೆ ಹುಟ್ಟಿಸಿದ್ದರೆ ಅಡ್ವಾನ್ಸ್ ಕೊಡೋ ಮುಂಚೆ ಇದನ್ನು ಓದಿ.

ಇದ್ದಿಲ ಬಸ್ಸಿನ ಕಾಲದಿಂದಲೂ...

ಗಾಡಿಯ ಹೊಟ್ಟೆ ಬದಲಾಯಿಸೋದು ನಮ್ಮ ಕಡೆಯವರಿಗೆ ಹೊಸದಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ಬಸ್ಸಿನ ಹಿಂಭಾಗಕ್ಕೆ ಹಂಡೆಯಂಥ ಒಲೆ ಕಟ್ಟಿ, ಇದ್ದಿಲು ಉರಿಸಿ, ಅದರಿಂದ ಬರೋ ಗ್ಯಾಸಿನಲ್ಲೇ ಎಂಜಿನ್ ಓಡಿಸ್ತಿದ್ದರು. ಏರು ಬಂದರೆ ಜನ ಇಳಿದು ತಳ್ಳೋದೂ ಇತ್ತಂತೆ, ನಮ್ಮಜ್ಜ ಹೇಳ್ತಿದ್ದರು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯೇ 1923ರಲ್ಲಿ ಶುರುವಾದದ್ದು ಮಲೆನಾಡಿನ ಸೌದೆಯ ಇದ್ದಿಲಿನಿಂದ ಅಲ್ವಾ!

ಆಮೇಲಿನದ್ದು ನಮ್ಮ ನಿಮ್ಮ ಅಡುಗೆಮನೆಯ ಕಥೆ. ಅಡುಗೆಯ ಕೆಂಪು ಸಿಲಿಂಡರನ್ನು ಓಮ್ನಿಯ ಸೀಟಿನ ಹಿಂದೆ ಮಲಗಿಸಿ ಓಡಿಸ್ತಿದ್ದದ್ದು ಮರೆತಿದ್ದೀರಾ? ಅದು ಕಾನೂನಿಗೂ ವಿರುದ್ಧ, ಜೀವಕ್ಕೂ ಅಪಾಯ. ಕಾರಿನ ಗ್ಯಾಸಿಗೆ ಬೇರೆಯೇ ಟ್ಯಾಂಕು, ಒಪ್ಪಿಗೆ ಪಡೆದ ಕಿಟ್ಟು, ಆರ್‌ಸಿಯಲ್ಲಿ ನಮೂದು, ಎಲ್ಲವೂ ಬೇಕು. ನೋಡೋಕೆ ಎರಡೂ 'ಗ್ಯಾಸ್ ಗಾಡಿ'ಯೇ. ಬೆಂಕಿ ಬಿದ್ದ ದಿನ ವ್ಯತ್ಯಾಸ ಗೊತ್ತಾಗ್ತಿತ್ತು. ಈ ಓಮ್ನಿಯನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತೆ.

ಇನ್ನು ಕರೆಂಟಿನ ಕಾರು. 2001ರಲ್ಲೇ ಬೆಂಗಳೂರಿನ ಚೇತನ್ ಮೈನಿ ಅವರ ರೇವಾ ರಸ್ತೆಗಿಳಿದಿತ್ತು. ಮುಂದೆ ಇಬ್ಬರು ಕೂತು ಹಿಂದೆ ಮಕ್ಕಳನ್ನು ತುರುಕಬಹುದಾದಷ್ಟು ಪುಟ್ಟ ಕಾರು. ಕ್ಲಚ್ ಇಲ್ಲ, ಗೇರ್ ಇಲ್ಲ. ಲಂಡನ್ನಿನಲ್ಲೂ ಜಿ-ವಿಜ್ ಅನ್ನೋ ಹೆಸರಲ್ಲಿ ಓಡಾಡಿತು. 2010ರಲ್ಲಿ ಮಹೀಂದ್ರಾ ಆ ಕಂಪನಿಯನ್ನು ತನ್ನದಾಗಿಸಿಕೊಂಡಿತು. ಕರೆಂಟಿನ ಕಾರೆಂದರೆ ಹುಟ್ಟುತ್ತಲೇ ಗೇರಿಲ್ಲದ ಕಾರು ಅನ್ನೋದು ನನಗೆ ಹೊಳೆದದ್ದು ರೇವಾ ನೆನಪಾದಾಗಲೇ. ಹಾಗಾದರೆ ನನ್ನ ಗೇರಿಲ್ಲದ ಐ10ಗೆ ಕರೆಂಟು ಹಾಕಿಸೋದು ಇನ್ನೂ ಸುಲಭ ಅಂದ್ಕೊಂಡೆ. ತಪ್ಪು ಅಂದ್ರೆ ತಪ್ಪು!

ಆಟೋಮ್ಯಾಟಿಕ್ಕೇ ಯಾಕೆ ತಲೆನೋವು?

ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ಅಪ್ಪನ ಕಾಲದಿಂದಲೂ ಈ ಕಾರು ನೋಡ್ತಿರೋ ಹಿರಿಯ ಮೆಕ್ಯಾನಿಕ್ ಒಬ್ಬರಿದ್ದಾರೆ. ಅವರು ಟೀ ಲೋಟ ಕೆಳಗಿಟ್ಟು ಹೇಳಿಕೊಟ್ಟದ್ದನ್ನು ನನಗೆ ಅರ್ಥವಾದಷ್ಟು ಹೇಳ್ತೀನಿ.

ಎರಡು ಟೇಬಲ್ ಫ್ಯಾನ್‌ಗಳನ್ನು ಎದುರುಬದುರಾಗಿ ಇಡಿ. ಒಂದಕ್ಕೆ ಮಾತ್ರ ಸ್ವಿಚ್ ಹಾಕಿ. ಅದರ ಗಾಳಿಗೆ ಎದುರಿನದೂ ತಿರುಗುತ್ತೆ ಅಲ್ವಾ? ನಮ್ಮಂಥ ಆಟೋಮ್ಯಾಟಿಕ್ ಕಾರಿನಲ್ಲಿ ಎಂಜಿನ್ನಿಗೂ ಗೇರಿಗೂ ನಡುವಿನ ನಂಟು ಇಷ್ಟೇ. ಗಾಳಿಯ ಬದಲು ಎಣ್ಣೆ. ಗೇರ್ ಬದಲಾಯಿಸೋದೂ ಎಣ್ಣೆಯ ಒತ್ತಡವೇ. ಆ ಒತ್ತಡ ಹುಟ್ಟಿಸೋ ಪಂಪು ತಿರುಗೋದು ಎಂಜಿನ್ ತಿರುಗಿದಾಗ. ಸಿಗ್ನಲ್ಲಿನಲ್ಲಿ ನಿಂತಾಗಲೂ ಎಂಜಿನ್ ಗುರ್ ಅಂತಿರುತ್ತೆ, ಪಂಪೂ ಓಡ್ತಿರುತ್ತೆ. ಅದಕ್ಕೇ ಬ್ರೇಕ್ ಬಿಟ್ಟ ಕೂಡಲೇ ಕಾರು ಮೆಲ್ಲಗೆ ತೆವಳೋದು.

ಕರೆಂಟಿನ ಮೋಟಾರು ಹಾಗಲ್ಲ. ಕಾರು ನಿಂತರೆ ಅದೂ ಪೂರ್ತಿ ನಿಲ್ಲುತ್ತೆ. ಮೋಟಾರು ನಿಂತರೆ ಪಂಪೂ ನಿಂತಿತು, ಎಣ್ಣೆಯ ಒತ್ತಡ ಇಳಿಯಿತು. ಮತ್ತೆ ಹೊರಡೋವಾಗ ಗೇರ್‌ಬಾಕ್ಸು ಜರ್ಕ್ ಹೊಡೆಯುತ್ತೆ, ಬೇಗ ಸವೆಯುತ್ತೆ. ಹಾಗಾಗಬಾರದು ಅಂದರೆ ನಿಂತಾಗಲೂ ಮೋಟಾರನ್ನು ಸುಮ್ಮನೆ ತಿರುಗಿಸ್ತಿರಬೇಕು, ಇಲ್ಲವೇ ಎಣ್ಣೆಗೇ ಬೇರೆ ಪಂಪು ಕೂರಿಸಬೇಕು. ಅಲ್ಲಿಗೂ ಮುಗೀಲಿಲ್ಲ. ಯಾವಾಗ ಯಾವ ಗೇರು ಅಂತ ತೀರ್ಮಾನಿಸೋ ಪುಟ್ಟ ಕಂಪ್ಯೂಟರ್ ಒಂದಿದೆಯಲ್ಲ, ಅದು ಎಂಜಿನ್ನಿನ ಕಂಪ್ಯೂಟರ್ ಹೇಳೋ ಮಾತು ಕೇಳಿಕೊಂಡು ಕೆಲಸ ಮಾಡುತ್ತೆ. ಎಂಜಿನ್ನೇ ಇಲ್ಲದಿದ್ದರೆ ಅದಕ್ಕೆ ಹೇಳೋರು ಯಾರು? ಇನ್ನು ಬ್ರೇಕ್ ಒತ್ತಿದಾಗ ಮೋಟಾರು ತಾನೇ ಡೈನಮೋ ಆಗಿ ಬ್ಯಾಟರಿಗೆ ಸ್ವಲ್ಪ ಕರೆಂಟು ವಾಪಸ್ ತುಂಬುತ್ತಲ್ಲ, ಆ ಲಾಭವೂ ನಡುವಿನ ಎಣ್ಣೆಯಿಂದಾಗಿ ಸರಿಯಾಗಿ ದಕ್ಕೋದಿಲ್ಲ.

ಗೇರಿನ ಕಾರಿನಲ್ಲಿ ಈ ರಗಳೆ ಕಡಿಮೆ. ಎಂಜಿನ್ ಇಳಿಸಿ, ಅದೇ ಜಾಗದಲ್ಲಿ ಒಂದು ಲೋಹದ ತಟ್ಟೆ ನಡುವೆ ಕೊಟ್ಟು ಮೋಟಾರನ್ನು ಹಳೇ ಗೇರ್‌ಬಾಕ್ಸಿಗೇ ಬೋಲ್ಟ್ ಮಾಡಬಹುದು. ಆಟೋಮ್ಯಾಟಿಕ್ ಆದರೆ ಗೇರ್‌ಬಾಕ್ಸನ್ನೇ ಎತ್ತಿ ಎಸೆದು, ಮೋಟಾರಿನಿಂದ ಚಕ್ರದ ತನಕ ಹೊಸದಾಗಿ ಜೋಡಿಸೋದೇ ವಾಸಿ. ಯಾವ ಗೇರ್‌ಬಾಕ್ಸಿಗಾಗಿ ಅಪ್ಪ ಅಷ್ಟು ಜಾಸ್ತಿ ಕೊಟ್ಟು ತಂದರೋ ಅದೇ ಗುಜರಿಗೆ! ಅಂಥ ಜೋಡಣೆ ರೆಡಿಮೇಡ್ ಸಿಗೋದಿಲ್ಲ. ಒಂದೊಂದು ಕಾರಿಗೂ ಅಳತೆ ತೆಗೆದು ಹೊಲಿದ ಬ್ಲೌಸಿನ ಹಾಗೆ ಮಾಡಿಸಬೇಕು. ಹೊಲಿದವನೇ ಊರು ಬಿಟ್ಟರೆ ರಿಪೇರಿಗೆ ಯಾರ ಹತ್ತಿರ ಹೋಗ್ತೀರಿ?

ಎಂಜಿನ್ ಮಾಡ್ತಿದ್ದ ಚಿಲ್ಲರೆ ಕೆಲಸಗಳೂ ಎಷ್ಟೊಂದಿವೆ ನೋಡಿ. ನಾವು ಹಗುರವಾಗಿ ಬ್ರೇಕ್ ಒತ್ತಿದರೂ ಕಾರು ನಿಲ್ಲೋದು ಎಂಜಿನ್ ಎಳೆಯೋ ನಿರ್ವಾತದ ಸಹಾಯದಿಂದ. ಎಂಜಿನ್ ತೆಗೆದ ಮೇಲೆ ಅದಕ್ಕೊಂದು ಪಂಪು ಬೇಕೇ ಬೇಕು. ಇಲ್ಲದಿದ್ದರೆ ಪೆಡಲ್ಲು ಕಲ್ಲಿನ ಹಾಗೆ ಗಟ್ಟಿಯಾಗುತ್ತೆ. ಎಸಿಗೆ ಬೇರೆ ಕಂಪ್ರೆಸರ್ ಬೇಕು. ಲೈಟು, ವೈಪರ್, ಹಾರನ್ನಿನ ಸಣ್ಣ ಬ್ಯಾಟರಿ ಚಾರ್ಜ್ ಮಾಡೋಕೆ ಮತ್ತೊಂದು ಡಬ್ಬಿ. ಗ್ಯಾರೇಜಿನ ಹುಡುಗ ಇದ್ಯಾವುದನ್ನೂ ಹೇಳಿರಲಿಲ್ಲ. ಅವನಿಗೆ ಗೊತ್ತಿತ್ತೋ ಇಲ್ಲವೋ. 'ಬ್ರೇಕಿಗೆ ಏನು ಮಾಡ್ತೀಯಪ್ಪಾ?' ಅಂತ ಕೇಳಿದ್ದಕ್ಕೆ 'ಅದೆಲ್ಲ ಸೆಟ್ ಆಗುತ್ತೆ ಅಕ್ಕಾ' ಅಂದ. ನೀವೂ ಮೊದಲು ಈ ಪ್ರಶ್ನೆಯನ್ನೇ ಕೇಳಿ. ಉತ್ತರದಲ್ಲೇ ಆಸಾಮಿಯ ಕೆಲಸ ಎಂಥದ್ದು ಅಂತ ಗೊತ್ತಾಗುತ್ತೆ.

'ಪೇಪರ್ ಆಮೇಲೆ ನೋಡ್ಕೊಳ್ಳೋಣ'

ಅವನು ಹೇಳಿದ ಇನ್ನೊಂದು ಮಾತಿದು. ಇಲ್ಲೇ ನಾನು ಹಿಂದೆ ಸರಿದದ್ದು.

ಹಳೇ ಗಾಡಿಗೆ ಕರೆಂಟಿನ ಕಿಟ್ ಹಾಕಿಸೋದು ನಮ್ಮ ದೇಶದಲ್ಲಿ ಕಾನೂನುಬದ್ಧವೇ. 2016ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಇದಕ್ಕಾಗಿಯೇ ತಿದ್ದುಪಡಿ ಬಂತು. ಆದರೆ ಯಾರು ಬೇಕಾದರೂ ಏನು ಬೇಕಾದರೂ ಕೂರಿಸೋ ಹಾಗಿಲ್ಲ. ಕಿಟ್ಟನ್ನು ಪುಣೆಯ ಎಆರ್‌ಎಐನಂಥ ಪರೀಕ್ಷಾ ಸಂಸ್ಥೆ ಪರೀಕ್ಷಿಸಿ ಒಪ್ಪಿಗೆ ಕೊಟ್ಟಿರಬೇಕು. ಆ ಒಪ್ಪಿಗೆ ಯಾವ ಕಂಪನಿಯ ಯಾವ ಮಾಡೆಲ್ಲಿಗೆ ಅಂತ ಅದರಲ್ಲೇ ಇರುತ್ತೆ. ಆಲ್ಟೊಗೆ ಒಪ್ಪಿಗೆ ಸಿಕ್ಕ ಕಿಟ್ಟು ನಿಮ್ಮ ಸ್ಯಾಂಟ್ರೋಗೆ ನಡೆಯೋದಿಲ್ಲ. ಕೂರಿಸೋರು ಆ ಕಿಟ್ ಕಂಪನಿಯೇ ಅಧಿಕಾರ ಕೊಟ್ಟವರಾಗಿರಬೇಕು. ಕೆಲಸ ಮುಗಿದ ಮೇಲೆ ಆರ್‌ಟಿಓ ತಪಾಸಣೆಯಾಗಿ, ಆರ್‌ಸಿಯಲ್ಲಿ 'ಪೆಟ್ರೋಲ್' ಅಂತಿರೋದು 'ಎಲೆಕ್ಟ್ರಿಕ್' ಅಂತ ಬದಲಾಗಬೇಕು. ಇನ್ಶೂರೆನ್ಸ್ ಕಂಪನಿಗೂ ತಿಳಿಸಬೇಕು.

ಇದನ್ನೆಲ್ಲ ಬಿಟ್ಟು ಮಾಡಿಸಿದರೆ? 2019ರಲ್ಲಿ ಬಿಗಿಯಾದ ಕಾನೂನಿನ ಪ್ರಕಾರ ಇಂಥ ಅನುಮತಿ ಇಲ್ಲದ ಮಾರ್ಪಾಡು ಒಂದೊಂದಕ್ಕೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಶಿಕ್ಷೆ ಬೀಳೋದು ಮಾಲೀಕರಿಗೆ. ಆರ್‌ಸಿಯಲ್ಲಿ ನನ್ನ ಹೆಸರಿದೆ ಗೆಳತಿಯರೇ! ದಂಡ ಕಟ್ಟಬಹುದು ಅಂತಲೇ ಇಟ್ಟುಕೊಳ್ಳಿ. ಮಾಚೇನಹಳ್ಳಿ ಹಾಲಿನ ಡೈರಿ ಹತ್ತಿರ ಒಂದು ಬೈಕಿಗೆ ತಾಗಿತು ಅಂದ್ಕೊಳ್ಳಿ. 'ಈ ಕಾರು ನಾವು ಇನ್ಶೂರ್ ಮಾಡಿದ ಕಾರೇ ಅಲ್ಲ' ಅಂತ ಕಂಪನಿಯವರು ತಕರಾರು ತೆಗೆದರೆ ಏನು ಗತಿ? ಕೆಂಪು ಸಿಲಿಂಡರಿನ ಓಮ್ನಿ ನೆನಪಿದೆಯಲ್ಲ, ಇದೂ ಅದೇ ಜಾತಿ.

ಹಾಗಾದರೆ ಒಪ್ಪಿಗೆಯಿರೋ ಕಿಟ್ಟು ನನ್ನ ಕಾರಿಗೆ ಉಂಟಾ? ಹೈದರಾಬಾದ್, ಪುಣೆಯ ಒಂದೆರಡು ಕಂಪನಿಗಳು ಇದರಲ್ಲಿ ಹೆಸರು ಮಾಡಿದವು. ಅವರ ಕಣ್ಣೆಲ್ಲ ಆಲ್ಟೊ, ಡಿಜೈರ್‌ನಂಥ ಬೀದಿಗೆ ಹತ್ತು ಕಾಣೋ ಗೇರಿನ ಕಾರುಗಳ ಮೇಲೆ. ಪರೀಕ್ಷೆಯ ಖರ್ಚು ಗಿಟ್ಟಬೇಕಲ್ಲ! ಬೆಂಗಳೂರಿನ ಆಲ್ಟಿಗ್ರೀನ್ ಕೂಡ ಮೊದಲು ಹಳೇ ಗಾಡಿಗಳಿಗೆ ಹೈಬ್ರಿಡ್ ಕಿಟ್ ಮಾಡೋಕೆ ಹೊರಟು ಆಮೇಲೆ ಮೂರು ಚಕ್ರದ ಸರಕಿನ ಗಾಡಿಗಳ ಕಡೆ ಹೊರಳಿತು. 2010ರ ಐ10 ಆಟೋಮ್ಯಾಟಿಕ್‌ಗೆ ಒಪ್ಪಿಗೆ ಪತ್ರ ತೋರಿಸೋರು ನನಗಂತೂ ಒಬ್ಬರೂ ಸಿಗಲಿಲ್ಲ.

ದಿನಸಿ ಚೀಟಿಯ ಹಿಂದಿನ ಲೆಕ್ಕ

ಆದರೂ ಮನಸ್ಸು ಕೇಳಬೇಕಲ್ಲ. ಕಿಟ್ಟು ಸಿಕ್ಕಿತು ಅಂತಲೇ ಇಟ್ಟುಕೊಂಡು ದಿನಸಿ ಚೀಟಿಯ ಹಿಂದೆ ಲೆಕ್ಕ ಹಾಕಿದೆ.

ನನ್ನ ಕಾರು ಲೀಟರಿಗೆ 13 ಕಿಲೋಮೀಟರ್ ಕೊಡುತ್ತೆ. ಭದ್ರಾವತಿಗೆ ಹೋಗಿ ಬರೋಕೆ 3 ಲೀಟರ್. ಲೀಟರಿಗೆ 103 ರೂಪಾಯಿಯಂತೆ 309. ತಿಂಗಳಿಗೆ 12 ಸಲ ಹೋದರೆ 3,700ರ ಆಸುಪಾಸು. ಕರೆಂಟಿನ ಸಣ್ಣ ಕಾರು ಯೂನಿಟ್ಟಿಗೆ 7 ಕಿಲೋಮೀಟರ್ ಓಡುತ್ತೆ ಅಂದ್ಕೊಂಡರೆ ಅದೇ ದಾರಿಗೆ 6 ಯೂನಿಟ್. ಯೂನಿಟ್ಟಿಗೆ 6 ರೂಪಾಯಿ ಹಿಡಿದರೆ 36 ರೂಪಾಯಿ! ತಿಂಗಳಿಗೆ 432. ಉಳಿತಾಯ 3,270. ನೋಡಿ ಕಣ್ಣರಳಿತು. ವರ್ಷಕ್ಕೆ 39,000 ಉಳಿಯಿತು ಅಂತಲೇ ಇಟ್ಟುಕೊಳ್ಳಿ, ಐದೂವರೆ ಲಕ್ಷ ವಾಪಸ್ ಬರೋಕೆ 14 ವರ್ಷ ಬೇಕು. ಅಷ್ಟೊತ್ತಿಗೆ ಕಾರಿಗೆ 29 ತುಂಬಿರುತ್ತೆ. ಹಳೇ ಕಾರಿನ ವ್ಯಾಪಾರದವರು ನಮ್ಮ ಐ10ಗೆ ಕಟ್ಟಿದ ಬೆಲೆ ಒಂದೂವರೆ ಲಕ್ಷ. ಸೀರೆಗಿಂತ ಫಾಲ್ಸ್ ದುಬಾರಿ ಅಂದ್ರೆ ಇದೇ.

ಗೃಹಜ್ಯೋತಿಯನ್ನೂ ಮರೀಬೇಡಿ. 2023ರಲ್ಲಿ ಶುರುವಾದ ಈ ಯೋಜನೆಯಲ್ಲಿ ನಮ್ಮ ಹಳೇ ಸರಾಸರಿ ಬಳಕೆಯ ಮೇಲೆ ಶೇಕಡಾ 10 ಸೇರಿಸಿ ಉಚಿತ ಯೂನಿಟ್ ಕೊಟ್ಟಿದ್ದಾರೆ. ಅದಕ್ಕಿಂತ ಜಾಸ್ತಿಯಾದರೆ ಜಾಸ್ತಿಯಾದಷ್ಟಕ್ಕೆ ದುಡ್ಡು. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ನಮ್ಮದೇ. ಮನೆಗೆ 115 ಯೂನಿಟ್ ಸುಡ್ತಿದ್ದು, ಅಮ್ಮನ ಮನೆಗೆ ಹೋಗಿ ಬರೋ 72, ಮಕ್ಕಳ ಟ್ಯೂಷನ್ನು, ಮಾರ್ಕೆಟ್ಟು ಅಂತ ಇನ್ನಷ್ಟು ಸೇರಿದರೆ 200ರ ಗೆರೆ ದಾಟೇಬಿಡ್ತೀವಿ. ಆಗ ಕಾರಿನ ಕರೆಂಟಿಗೆ ಮಾತ್ರವಲ್ಲ, ಮಿಕ್ಸಿ, ಫ್ರಿಜ್ಜಿಗೂ ಕಟ್ಟಬೇಕು. ಕರೆಂಟಿನ ಕಾರು ಕೊಳ್ಳೋ ಆಲೋಚನೆ ಇರೋರೆಲ್ಲ ಈ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಿ.

ಚಾರ್ಜ್ ಮಾಡೋಕೆ ಗೀಸರ್‌ಗೆ ಇರುತ್ತಲ್ಲ, ಅಂಥ 15 ಆಂಪಿಯರ್ ಪಾಯಿಂಟ್ ಬೇಕು. ಹಳೇ ಮನೆಯಾದರೆ ಕಾರು ನಿಲ್ಲಿಸೋ ಕಡೆಗೆ ಬೇರೆ ವೈರೇ ಎಳೆಸಿ, ಅರ್ಥಿಂಗ್ ನೋಡಿಸಿ. ಮನೆಗೆ ಮಂಜೂರಾದ ಲೋಡ್ ಎಷ್ಟು ಅಂತ ಮೆಸ್ಕಾಂ ಬಿಲ್ಲಿನಲ್ಲೇ ಇರುತ್ತೆ. ಎಕ್ಸ್‌ಟೆನ್ಷನ್ ಬಾಕ್ಸನ್ನು ಕಿಟಕಿಯಿಂದ ಇಳಿಬಿಟ್ಟು ಮಳೆಯಲ್ಲಿ ಚಾರ್ಜ್ ಮಾಡೋ ಸಾಹಸ ಮಾತ್ರ ಬೇಡ, ನಮ್ಮೂರ ಜುಲೈ ಮಳೆ ಗೊತ್ತಲ್ಲ!

ಹಾಗಾದರೆ ಯಾರಿಗೂ ಬೇಡವಾ?

ಹಾಗೇನಿಲ್ಲ. ನಿಮ್ಮದು ಗೇರಿನ ಕಾರು, ಆ ಮಾಡೆಲ್ಲಿಗೆ ಒಪ್ಪಿಗೆ ಪಡೆದ ಕಿಟ್ಟಿದೆ, ಬಾಡಿಗೆ ತುಕ್ಕಿಲ್ಲ, ಮನೆಯವರು ದಿನಾ 70-80 ಕಿಲೋಮೀಟರ್ ಒಂದೇ ದಾರಿಯಲ್ಲಿ ಓಡಾಡ್ತಾರೆ ಅಂದರೆ ಲೆಕ್ಕ ಬೇರೆಯಾಗುತ್ತೆ. ಹತ್ತು ವರ್ಷ ಮೀರಿದ ಡೀಸೆಲ್ ಗಾಡಿಗಳಿಗೆ ನಿರ್ಬಂಧ ಬಂದಾಗ ದೆಹಲಿಯವರಿಗೆ ಗಾಡಿ ಉಳಿಸಿಕೊಳ್ಳೋಕೆ ಇದೊಂದು ದಾರಿಯಾಗಿ ಕಂಡಿತ್ತು. ನಮ್ಮ ಶಿವಮೊಗ್ಗದಲ್ಲಿ ಅಂಥ ಒತ್ತಾಯವಿಲ್ಲ. 15 ತುಂಬಿದರೂ ಫಿಟ್‌ನೆಸ್ ತೋರಿಸಿ ಐದು ವರ್ಷಕ್ಕೆ ಆರ್‌ಸಿ ನವೀಕರಿಸಬಹುದು. ಇನ್ನೊಂದು ವಿಷಯ, ಕರೆಂಟು ಹಾಕಿಸಿದ ಮಾತ್ರಕ್ಕೆ ಕಾರಿಗೆ ಹೊಸ ಆಯಸ್ಸು ಬರೋದಿಲ್ಲ. ಐದೈದು ವರ್ಷಕ್ಕೆ ಈ ನವೀಕರಣ ಇದ್ದದ್ದೇ.

ಹೊಸ ಕರೆಂಟಿನ ಕಾರಿನ ಬೆಲೆಯೂ ಕೆಳಗಿಳಿದಿದೆ. 2022ರಲ್ಲಿ ಟಾಟಾ ಟಿಯಾಗೊ ಇವಿ ಬಂದಾಗ ಆರಂಭದ ಬೆಲೆ 8.49 ಲಕ್ಷ, 2023ರಲ್ಲಿ ಎಂಜಿ ಕಾಮೆಟ್ ಬಂದದ್ದು 7.98 ಲಕ್ಷಕ್ಕೆ. ಅವು ಈಗ ಸೆಕೆಂಡ್ ಹ್ಯಾಂಡ್ ಮಾರ್ಕೆಟ್ಟಿಗೂ ಬರ್ತಿವೆ. ಐದೂವರೆ ಲಕ್ಷ ಕೈಯಲ್ಲಿರೋರು ಮೊದಲು ಅತ್ತ ನೋಡಿ. ಕೊಳ್ಳೋವಾಗ ಬ್ಯಾಟರಿಯ ವಾರಂಟಿ ಎಷ್ಟು ವರ್ಷ ಬಾಕಿ ಇದೆ, ಅದು ಎರಡನೇ ಮಾಲೀಕರಿಗೂ ಸಲ್ಲುತ್ತಾ ಅಂತ ಬರವಣಿಗೆಯಲ್ಲೇ ಕೇಳಿ.

ನನ್ನ ಕೈಯಲ್ಲಿ ಐದೂವರೆ ಲಕ್ಷ ಎಲ್ಲಿ ಬರಬೇಕು? ಲೇಖನದ ಸಂಭಾವನೆಯಲ್ಲಿ ಕಾರಿನ ಟೈರೂ ಬರೋದಿಲ್ಲ ಬಿಡಿ. ಐ10ಗೆ ಹೊಸ ಟೈರು, ಬ್ರೇಕ್ ಪ್ಯಾಡು, ಬಾಗಿಲ ಕೆಳಗಿನ ತುಕ್ಕಿಗೆ ಪ್ಯಾಚು ಮಾಡಿಸಿದೆ. ಆಟೋ ಕಾಂಪ್ಲೆಕ್ಸಿನ ಹಿರಿಯರು ಗೇರ್‌ಬಾಕ್ಸಿನ ಎಣ್ಣೆ ತೆಗೆದು ತೋರಿಸಿದರು, ಸುಟ್ಟ ಒಗ್ಗರಣೆಯ ಬಣ್ಣ! 'ಇದನ್ನು ಬದಲಾಯಿಸಿ ಎಷ್ಟು ವರ್ಷವಾಯ್ತಮ್ಮಾ?' ಅಂತ ಗದರಿದರು. ಆಟೋಮ್ಯಾಟಿಕ್ ಇರೋರು ಒಮ್ಮೆ ನಿಮ್ಮ ಕಾರಿನದನ್ನೂ ನೋಡಿಸಿಬಿಡಿ. 5,000 ರೂಪಾಯಿ ನವೀಕರಣ ಶುಲ್ಕ, ಜೊತೆಗೆ ಹಸಿರು ತೆರಿಗೆ ಕಟ್ಟಿ, ಆರ್‌ಟಿಓ ಮುಂದೆ ಎರಡು ಬೆಳಿಗ್ಗೆ ನಿಂತು, 2030ರವರೆಗೆ ಆರ್‌ಸಿ ಮಾಡಿಸಿಕೊಂಡೆ. ಅದೇ ವಾರ ಪೋಸ್ಟಾಫೀಸಿನಲ್ಲಿ ತಿಂಗಳಿಗೆ 4,000ದ ಐದು ವರ್ಷದ ಆರ್‌ಡಿ ತೆರೆದೆ. ಅರ್ಧ ನಂದು, ಅರ್ಧ ಯಜಮಾನರದು. 'ಬೇಕಾದಾಗ ನಾನೇ ಕರ್ಕೊಂಡು ಹೋಗ್ತೀನಿ ಅಂದ್ರಲ್ಲ, ಅದರ ಪೆಟ್ರೋಲ್ ದುಡ್ಡು ಇಲ್ಲಿ ಹಾಕಿ' ಅಂದೆ. ನಕ್ಕು ಸಹಿ ಹಾಕಿದರು. ಆರ್‌ಸಿ ಮುಗಿಯೋ ಹೊತ್ತಿಗೆ ಹತ್ತಿರ ಹತ್ತಿರ 2 ಲಕ್ಷ 85 ಸಾವಿರ ಕೈಗೆ ಬರುತ್ತೆ. ಐ10 ಮಾರಿದ್ದೂ ಸೇರಿದರೆ ಸೆಕೆಂಡ್ ಹ್ಯಾಂಡ್ ಕರೆಂಟಿನ ಕಾರಿಗೆ ದಾರಿಯಾಗಬಹುದು.

ಮೊನ್ನೆ ಪಕ್ಕದ ಮನೆಯವರ ಕರೆಂಟಿನ ಕಾರನ್ನೇ ಕೇಳಿಕೊಂಡು ಜನ್ನಾಪುರಕ್ಕೆ ಹೋಗಿದ್ದೆ, ಪರೀಕ್ಷೆ ಮಾಡೋಣ ಅಂತ. ಬಿ.ಎಚ್. ರಸ್ತೆಯಲ್ಲಿ ಬೆಣ್ಣೆಯ ಮೇಲೆ ಹೋದ ಹಾಗಾಯ್ತು. ಎಡಗಾಲಿಗೆ ಕೆಲಸವೇ ಇಲ್ಲ, ನನಗದು ಅಭ್ಯಾಸವೇ. ಗೇಟಿನೊಳಗೆ ಹೋಗಿ ನಿಂತರೂ ಅಮ್ಮ ಹೊರಗೆ ಬರಲಿಲ್ಲ. ಒಳಗೆ ಹೋದರೆ ಟಿ.ವಿ. ನೋಡ್ತಾ ಕೂತಿದ್ದಾಳೆ.

'ಅಯ್ಯೋ, ಬಂದ್ಯಾ? ಶಬ್ದಾನೇ ಆಗ್ಲಿಲ್ವಲ್ಲೇ! ದಿನಾ ತಿರುವಿನಲ್ಲಿ ಅಪ್ಪನ ಕಾರಿನ ಸದ್ದು ಕೇಳಿದ ಕೂಡ್ಲೇ ಹಾಲು ಒಲೆ ಮೇಲಿಡ್ತಿದ್ದೆ. ಎಡಗೈಲಿ ಇಡೋಕೆ ಅಷ್ಟು ಹೊತ್ತು ಬೇಕೇ ನಂಗೆ. ಇವತ್ತು ನೋಡು, ಕಾಫಿ ತಡ' ಅಂದಳು.